ಮನೆಯ ಮೇಜಿಗೆ ಬಂದ ಸಂಕಲನ ಕೊಠಡಿ

ಸಿನಿಮಾ ಸಂಕಲನಕಾರನ ಮುಖ್ಯ ಆಯುಧ ಬಹುಕಾಲ ಕತ್ತರಿಯೇ ಆಗಿತ್ತು. ಫಿಲ್ಮಿನ ಸುರುಳಿಯನ್ನು ಬೆಳಕಿಗೆ ಹಿಡಿದರೆ ಚಿತ್ರ ಕಣ್ಣಿಗೆ ಕಾಣುತ್ತದೆ. ಬೇಡದ್ದನ್ನು ಕತ್ತರಿಸಿ ಬೇಕಾದುದನ್ನು ಅಂಟಿಸಬಹುದು. 1924ರಲ್ಲಿ ಬಂದ ಮೂವಿಯೋಲಾ ಯಂತ್ರ ಈ ಕೆಲಸವನ್ನು ಸುಲಭಗೊಳಿಸಿತೇ ಹೊರತು ಅದರ ಸ್ವರೂಪವನ್ನು ಬದಲಿಸಲಿಲ್ಲ. ತೊಡಕು ಶುರುವಾದದ್ದು ವಿಡಿಯೋ ಟೇಪು ಬಂದ ಮೇಲೆ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಷಿಕಾಗೋ ನಗರದಲ್ಲಿ ಪ್ರದರ್ಶಿಸಿದ ಯಂತ್ರ, 2 ಅಂಗುಲ ಅಗಲದ ಟೇಪಿನ ಮೇಲೆ ಚಿತ್ರವನ್ನು ಕಾಂತೀಯ ಗುರುತುಗಳಾಗಿ ದಾಖಲಿಸುತ್ತಿತ್ತು. ಈ ಟೇಪನ್ನು ಬೆಳಕಿಗೆ ಹಿಡಿದರೆ ಚಿತ್ರವೇನೂ ಕಾಣದು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ಕಬ್ಬಿಣದ ನುಣ್ಣನೆಯ ಪುಡಿ ಬೆರೆಸಿದ ದ್ರಾವಣವನ್ನು ಬಳಿದು, ಗೆರೆಗಳು ಮೂಡಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ ಬ್ಲೇಡಿನಿಂದ ಕೊಯ್ಯಬೇಕಿತ್ತು.

ಮುಂದೆ ಕೊಯ್ಯುವುದು ಬಿಟ್ಟು, ಬೇಕಾದ ಭಾಗಗಳನ್ನಷ್ಟೇ ಒಂದು ಟೇಪಿನಿಂದ ಇನ್ನೊಂದಕ್ಕೆ ನಕಲು ಮಾಡುವ ಪದ್ಧತಿ ಬಂತು. ಇದರ ದೋಷವೆಂದರೆ ಹಿಂದಿರುಗುವ ದಾರಿ ಇಲ್ಲದಿರುವುದು. ಅರ್ಧ ಗಂಟೆಯ ಕಾರ್ಯಕ್ರಮವನ್ನು ಜೋಡಿಸಿದ ಮೇಲೆ ಐದನೆಯ ನಿಮಿಷಕ್ಕೆ ಎರಡು ಸೆಕೆಂಡು ಸೇರಿಸಬೇಕೆನಿಸಿದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಜೋಡಿಸಬೇಕು; ಇಲ್ಲವೇ ನಕಲಿನ ನಕಲು ತೆಗೆದು ಚಿತ್ರ ಮಸುಕಾಗುವುದನ್ನು ಸಹಿಸಬೇಕು. ನೆಂಟರಿಷ್ಟರಿಗೆ ಹಂಚಿದ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ಸೀರೆಯ ಕೆಂಪು ಬಣ್ಣ ಅಂಚು ಮೀರಿ ಹರಡಿಕೊಳ್ಳುತ್ತಿದ್ದುದರ ಹಿಂದೆ ಈ ನಕಲುಗಳ ಸರಣಿಯೂ ಇತ್ತು.

ಕಂಪ್ಯೂಟರಿನ ಮೊರೆ ಹೋದದ್ದು ಈ ಕಷ್ಟದಿಂದ ಪಾರಾಗಲು. 1971ರಲ್ಲಿ ಸಿಬಿಎಸ್ ಮತ್ತು ಮೆಮೊರೆಕ್ಸ್ ಸಂಸ್ಥೆಗಳು ಕೂಡಿ ರೂಪಿಸಿದ ಸಿಎಂಎಕ್ಸ್-600 ಯಂತ್ರದಲ್ಲಿ ಬಟ್ಟೆ ಒಗೆಯುವ ಯಂತ್ರದಷ್ಟು ದೊಡ್ಡ ಡಿಸ್ಕ್ ಪೆಟ್ಟಿಗೆಗಳ ಸಾಲೇ ಇತ್ತು. ಇಷ್ಟೆಲ್ಲ ಕೂಡಿ ಹಿಡಿಯುತ್ತಿದ್ದದ್ದು ಸುಮಾರು ಅರ್ಧ ಗಂಟೆಯ ಕಪ್ಪು-ಬಿಳುಪು ಚಿತ್ರವನ್ನು, ಅದೂ ಕಡಿಮೆ ಗುಣಮಟ್ಟದಲ್ಲಿ. ಸಂಕಲನಕಾರ ಬೆಳಕಿನ ಲೇಖನಿಯಿಂದ ಪರದೆಯನ್ನು ಮುಟ್ಟಿ ದೃಶ್ಯಗಳನ್ನು ಹಿಂದೆ ಮುಂದೆ ಮಾಡುತ್ತಿದ್ದ. ಆ ಪಟ್ಟಿಯನ್ನು ಹಿಡಿದು ಅಂತಿಮ ಪ್ರತಿಯನ್ನು ಮೂಲ ಟೇಪುಗಳಿಂದಲೇ ತಯಾರಿಸಬೇಕಿತ್ತು. ಮಾರಾಟವಾದ ಯಂತ್ರಗಳು ಬೆರಳೆಣಿಕೆಯಷ್ಟು. ಆದರೂ ಮುಂದಿನ ಎಲ್ಲ ಬೆಳವಣಿಗೆಯ ಬೀಜ ಇದರಲ್ಲೇ ಇತ್ತು.

ಸಂಕಲನಕ್ಕೆಂದು ಕಂಪ್ಯೂಟರ್ ಜೋಡಿಸುವವರು ಅಂದಿನಿಂದ ಇಂದಿನವರೆಗೆ ಹೆಣಗಿರುವುದು ಒಂದು ಗುಣಾಕಾರದೊಡನೆ. ಭಾರತದ ದೂರದರ್ಶನ ಅನುಸರಿಸಿದ ಪಾಲ್ ಪದ್ಧತಿಯ ಡಿಜಿಟಲ್ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಬಿಂದುಗಳು. ಬಿಂದುವೊಂದಕ್ಕೆ 2 ಬೈಟ್‌ನಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 20.7 ಮೆಗಾಬೈಟ್. ಒಂದು ಗಂಟೆಗೆ ಸುಮಾರು 75 ಗಿಗಾಬೈಟ್. ಈ ಹೊಳೆ ಕ್ಯಾಮೆರಾದಿಂದ ಹೊರಟು ಕಾರ್ಡು, ಮದರ್‌ಬೋರ್ಡು, ಡಿಸ್ಕು, ಪ್ರೊಸೆಸರುಗಳನ್ನು ದಾಟಿ ಪರದೆಗೆ ತಲುಪಬೇಕು. ಕೆರೆ ಎಷ್ಟೇ ದೊಡ್ಡದಿರಲಿ, ತೂಬಿನ ಬಾಯಿ ಕಿರಿದಾದರೆ ಗದ್ದೆಗೆ ಬರುವ ನೀರು ಅಷ್ಟೇ. ಸಂಕಲನ ಗಣಕದ ಇತಿಹಾಸವೆಂದರೆ ಈ ತೂಬು ಯಾವ ಕಾಲದಲ್ಲಿ ಎಲ್ಲಿತ್ತು ಎಂಬುದರ ಇತಿಹಾಸ. ಹಣ ಕಳೆದುಕೊಂಡವರಲ್ಲಿ ಹೆಚ್ಚಿನವರು ನಿನ್ನೆಯ ತೂಬನ್ನು ಅಗಲ ಮಾಡಲು ಹೋದವರು.

1989ರಲ್ಲಿ ಆವಿಡ್ ಕಂಪನಿ ಮ್ಯಾಕಿಂಟೋಷ್ ಗಣಕವನ್ನು ಆಧರಿಸಿದ ಸಂಕಲನ ವ್ಯವಸ್ಥೆಯನ್ನು ತಂದಿತು. ವಾಲ್ಟರ್ ಮರ್ಚ್ ಇದೇ ಕಂಪನಿಯ ವ್ಯವಸ್ಥೆಯಲ್ಲಿ ಸಂಕಲಿಸಿದ 'ದಿ ಇಂಗ್ಲಿಷ್ ಪೇಷಂಟ್' (1996), ಡಿಜಿಟಲ್ ಸಂಕಲನಕ್ಕೆ ಆಸ್ಕರ್ ಪಡೆದ ಮೊದಲ ಚಿತ್ರವಾಯಿತು. ಆದರೆ ಇದು ಸ್ಟುಡಿಯೋಗಳ ಮಾತು. ಮನೆಯವರ ಪಾಲಿಗೆ 1991ರ ಡಿಸೆಂಬರ್‌ನಲ್ಲಿ ಬಂದ ಆಪಲ್‌ನ ಕ್ವಿಕ್‌ಟೈಮ್ ಮತ್ತು ಅಡೋಬಿಯ ಪ್ರೀಮಿಯರ್ ತಂತ್ರಾಂಶಗಳೇ ಆರಂಭ. ಆಗ ಪರದೆಯ ಮೇಲೆ ಚಲಿಸುತ್ತಿದ್ದ ಚಿತ್ರ ಅಂಚೆಚೀಟಿಯಷ್ಟಿತ್ತು. ಜನ ನಕ್ಕರು. ಮೇಲಿನ ಗುಣಾಕಾರ ಗೊತ್ತಿದ್ದವರು ನಗಲಿಲ್ಲ.

ಆಗಿನ ತೂಬು ಎರಡು ಕಡೆ ಇತ್ತು. ಹಳೆಯ ಐಎಸ್‌ಎ ಮಾರ್ಗದಲ್ಲಿ ಸೆಕೆಂಡಿಗೆ ಕೆಲವೇ ಮೆಗಾಬೈಟ್ ಸಾಗುತ್ತಿತ್ತು. 1992ರಲ್ಲಿ ಇಂಟೆಲ್ ರೂಪಿಸಿದ ಪಿಸಿಐ ಮಾರ್ಗ ಕಾಗದದ ಲೆಕ್ಕದಲ್ಲಿ ಅದನ್ನು 133ಕ್ಕೆ ಏರಿಸಿತು. ಉಳಿದದ್ದು ಡಿಸ್ಕು. ಮೂರು-ನಾಲ್ಕು ಮೆಗಾಬೈಟ್‌ಗಿಂತ ಹೆಚ್ಚನ್ನು ಅದು ನೆಚ್ಚಿಕೆಯಿಂದ ನುಂಗುತ್ತಿರಲಿಲ್ಲವಾದ್ದರಿಂದ, ಒಳಬರುವ ಚಿತ್ರವನ್ನು ಸ್ಥಳದಲ್ಲೇ ಆರೇಳು ಪಟ್ಟು ಕುಗ್ಗಿಸುವ ದುಬಾರಿ ಕ್ಯಾಪ್ಚರ್ ಕಾರ್ಡು ಬೇಕಾಯಿತು. ಇದರ ಜೊತೆಗೆ ಇನ್ನೊಂದು ವಿಚಿತ್ರ ಕಾಟ. ಡಿಸ್ಕಿನ ತಟ್ಟೆಗಳು ಬಿಸಿಯಾದಾಗ ಕೂದಲೆಳೆಯಷ್ಟು ಹಿಗ್ಗುತ್ತವೆ. ಆಗಾಗ ಓದುವ ತಲೆ ಒಂದು ಕ್ಷಣ ನಿಂತು ತನ್ನ ಸ್ಥಾನವನ್ನು ಸರಿಪಡಿಸಿಕೊಳ್ಳುತ್ತಿತ್ತು. ಕಾಗದಪತ್ರ ಬೆರಳಚ್ಚಿಸುವವರಿಗೆ ಈ ಕ್ಷಣ ಗೊತ್ತೇ ಆಗುತ್ತಿರಲಿಲ್ಲ. ವಿಡಿಯೋ ದಾಖಲಿಸುವಾಗ ಮಾತ್ರ ಅಷ್ಟರಲ್ಲಿ ಹತ್ತಾರು ಚಿತ್ರಗಳು ಬಿದ್ದುಹೋಗಿ, ಮಾತಿಗೂ ತುಟಿಗೂ ತಾಳ ತಪ್ಪುತ್ತಿತ್ತು. ಹೀಗೆ ಮಧ್ಯೆ ನಿಲ್ಲದ ಡಿಸ್ಕುಗಳನ್ನು 'ಎವಿ' ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಮಾರಿದರು. ಆ ವರ್ಷಗಳಲ್ಲಿ ವೇಗದ ಪ್ರೊಸೆಸರಿಗೆ ಸುರಿದ ಹಣ ಹೆಚ್ಚಾಗಿ ವ್ಯರ್ಥ. ಡಿಸ್ಕಿಗೆ ಹಾಕಿದ್ದು ಸಾರ್ಥಕ.

ಲೆಕ್ಕ ತಲೆಕೆಳಗಾದದ್ದು 1995ರಲ್ಲಿ, ಡಿವಿ ಕ್ಯಾಮೆರಾಗಳು ಬಂದಾಗ. ಸೋನಿಯ ವಿಎಕ್ಸ್-1000 ಕ್ಯಾಮೆರಾ ಚಿತ್ರವನ್ನು ತನ್ನೊಳಗೇ ಡಿಜಿಟಲ್ ಆಗಿಸಿ ಕುಗ್ಗಿಸಿ, ಸೆಕೆಂಡಿಗೆ ಸುಮಾರು 3.6 ಮೆಗಾಬೈಟ್‌ನಂತೆ ಒಂದು ತೆಳು ತಂತಿಯಲ್ಲಿ ಹೊರಗೆ ಕಳಿಸುತ್ತಿತ್ತು. ಆ ತಂತಿಯ ಸಂಪರ್ಕಕ್ಕೆ ಆಪಲ್ ಇಟ್ಟ ಹೆಸರು ಫೈರ್‌ವೈರ್, ಸೋನಿ ಇಟ್ಟದ್ದು ಐ-ಲಿಂಕ್. ವಸ್ತು ಒಂದೇ; ಹೆಸರು ಎರಡಾದುದರಿಂದ ಕೊಳ್ಳುವವರಿಗೆ ಗೊಂದಲವೂ ಇಮ್ಮಡಿಯಾಯಿತು. ಕಂಪ್ಯೂಟರಿಗೆ ಉಳಿದದ್ದು ಬಂದದ್ದನ್ನು ಹಾಗೆಯೇ ಬರೆದಿಟ್ಟುಕೊಳ್ಳುವ ಕೆಲಸ. ಗಂಟೆಗೆ 13 ಗಿಗಾಬೈಟ್ ಸಾಕು. ಕ್ಯಾಪ್ಚರ್ ಕಾರ್ಡಿನ ಜಾಗಕ್ಕೆ ಸಾಧಾರಣ ಬೆಲೆಯ ಸಣ್ಣ ಕಾರ್ಡು ಬಂತು. ಒಂದೆರಡು ವರ್ಷ ಹಿಂದೆಯಷ್ಟೇ ದೊಡ್ಡ ಕಾರ್ಡು ಕೊಂಡವರು ಕೈಕೈ ಹಿಸುಕಿಕೊಂಡರು. ಸಣ್ಣಪುಟ್ಟ ಕಿರಿಕಿರಿಗಳೇನೋ ಉಳಿದವು. ಕಡತ 2 ಗಿಗಾಬೈಟ್ ಮೀರಬಾರದೆಂಬ ಅಂದಿನ ಮಿತಿಯಿಂದಾಗಿ ದೃಶ್ಯ ಹತ್ತು ನಿಮಿಷ ತುಂಬುವ ಮೊದಲೇ ತುಂಡಾಗುತ್ತಿತ್ತು.

1999ರಲ್ಲಿ ಆಪಲ್ ಕಂಪನಿ ಐಮ್ಯಾಕ್ ಡಿವಿ ಗಣಕದ ಜೊತೆ ಐಮೂವಿ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಿತು. ಜೊನಾಥನ್ ಕೌವೆಟ್ ಎಂಬಾತ ತನ್ನ ತಾಯಿಯ ಮನೋರೋಗದ ಕಥೆಯನ್ನು ಮನೆಯ ಹಳೆಯ ಟೇಪುಗಳಿಂದಲೇ ಇದರಲ್ಲಿ ಜೋಡಿಸಿ 'ಟಾರ್ನೇಷನ್' (2003) ಎಂಬ ಚಿತ್ರ ಮಾಡಿದ. ಮೊದಲ ಪ್ರತಿಗೆ ತಗುಲಿದ ವೆಚ್ಚ 218 ಡಾಲರ್ ಎಂದು ಪ್ರಚಾರವಾಯಿತು. ಸಂಗೀತದ ಹಕ್ಕುಗಳಿಗೆ ಹಣ ತೆತ್ತ ಮೇಲೆ ಲೆಕ್ಕ ಬೇರೆಯಾಯಿತೆನ್ನಿ. ಕರ್ನಾಟಕದ ಊರೂರುಗಳಲ್ಲಿ ಮದುವೆ ವಿಡಿಯೋಗಳ 'ಮಿಕ್ಸಿಂಗ್' ನಡೆಸುತ್ತಿದ್ದ ಅಂಗಡಿಗಳೂ ಕ್ರಮೇಣ ಟೇಪು ಯಂತ್ರಗಳನ್ನು ಬದಿಗಿಟ್ಟು ಕಂಪ್ಯೂಟರಿಗೆ ಹೊರಳಿದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಆಯ್ದು ಜೋಡಿಸಿಕೊಂಡ ಗಣಕವೇ ಸ್ಟುಡಿಯೋ ಆಗಬಹುದಾದ ಕಾಲ ಅದು.

ಇಷ್ಟಾದ ಮೇಲೆ ಸಮಸ್ಯೆ ಮುಗಿಯಬೇಕಿತ್ತು. ಆದರೆ 2003ರಲ್ಲಿ ಎಚ್‌ಡಿವಿ, 2006ರಲ್ಲಿ ಎವಿಸಿಎಚ್‌ಡಿ ಬಂದಾಗ ಒಂದು ವಿಚಿತ್ರ ಎದುರಾಯಿತು. ಕಡತದ ಗಾತ್ರ ಡಿವಿಗಿಂತ ಹೆಚ್ಚೇನಿಲ್ಲ, ಕೆಲವೊಮ್ಮೆ ಕಡಿಮೆಯೇ; ಆದರೂ ಡಿವಿಯನ್ನು ಸಲೀಸಾಗಿ ಓಡಿಸುತ್ತಿದ್ದ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಕಾರಣ ಕುಗ್ಗಿಸುವ ಕ್ರಮದಲ್ಲಿದೆ. ಡಿವಿಯಲ್ಲಿ ಪ್ರತಿಯೊಂದು ಚಿತ್ರವೂ ತನ್ನಷ್ಟಕ್ಕೆ ಪೂರ್ಣ. ಹೊಸ ಪದ್ಧತಿಯಲ್ಲಿ ಹತ್ತು ಹನ್ನೆರಡು ಚಿತ್ರಗಳಿಗೆ ಒಂದು ಮಾತ್ರ ಪೂರ್ಣ. ಉಳಿದವು ಏನೇನು ಬದಲಾಯಿತೆಂಬ ಟಿಪ್ಪಣಿಗಳು. ಬಾಕಿ ಮೊತ್ತವನ್ನು ಮೊದಲ ಪುಟದಲ್ಲಷ್ಟೇ ಬರೆದು, ಮುಂದಿನ ಪುಟಗಳಲ್ಲಿ ಜಮಾ-ಖರ್ಚನ್ನು ಮಾತ್ರ ಗುರುತು ಹಾಕಿದ ಕಿರಾಣಿ ಅಂಗಡಿಯ ಪುಸ್ತಕದಂತೆ. ಹನ್ನೊಂದನೆಯ ಪುಟದ ಬಾಕಿ ತಿಳಿಯಲು ಮೊದಲ ಪುಟದಿಂದ ಕೂಡುತ್ತ ಬರಬೇಕು. ನೋಡುಗನಿಗೆ ಇದರಿಂದ ತೊಂದರೆಯಿಲ್ಲ, ಅವನು ಪುಟ ತಪ್ಪಿಸುವುದಿಲ್ಲ. ಸಂಕಲನಕಾರನದು ಪುಟ ಹಾರಿಸುವುದೇ ಕಸುಬು. ತೂಬು ಡಿಸ್ಕಿನಿಂದ ಪ್ರೊಸೆಸರಿಗೆ ಸರಿದಿತ್ತು.

ಪರಿಹಾರ ಬಂದದ್ದು ಹಲವು ದಾರಿಗಳಿಂದ. 2005ರ ಹೊತ್ತಿಗೆ ಎರಡು ತಿರುಳಿನ ಪ್ರೊಸೆಸರುಗಳು ಮನೆಯ ಗಣಕಕ್ಕೆ ಬಂದವು. 2010ರಲ್ಲಿ ಪ್ರೀಮಿಯರ್ ತಂತ್ರಾಂಶ ಬಣ್ಣ ಮತ್ತು ಪರಿಣಾಮಗಳ ಲೆಕ್ಕವನ್ನು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿತು. 2011ರಲ್ಲಿ ಇಂಟೆಲ್ ತನ್ನ ಪ್ರೊಸೆಸರಿನೊಳಗೇ ವಿಡಿಯೋ ಬಿಚ್ಚುವುದಕ್ಕೂ ಕುಗ್ಗಿಸುವುದಕ್ಕೂ ಪ್ರತ್ಯೇಕ ವಿಭಾಗವಿಟ್ಟು 'ಕ್ವಿಕ್ ಸಿಂಕ್' ಎಂದು ಕರೆಯಿತು. ಆಟಗಳಿಗೆ ಹೆಸರಾದ ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿದವನ ಗಣಕ ತಡವರಿಸುವಾಗ, ಈ ಚಿಕ್ಕ ವಿಭಾಗವುಳ್ಳ ಅಗ್ಗದ ಗಣಕ ಅದೇ ದೃಶ್ಯವನ್ನು ಸರಾಗವಾಗಿ ಓಡಿಸುವುದುಂಟು. ಆದ್ದರಿಂದ ಇಂದು ಬಿಡಿಭಾಗ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದು ತಮ್ಮ ಕ್ಯಾಮೆರಾ ಅಥವಾ ಫೋನು ಯಾವ ಬಗೆಯ ಕಡತವನ್ನು ಹೊರಹಾಕುತ್ತದೆ, ಅದನ್ನು ಬಿಚ್ಚುವ ವಿಭಾಗ ತಾವು ಕೊಳ್ಳುವ ಚಿಪ್ಪಿನಲ್ಲಿದೆಯೇ ಎಂದು. ಬೆಲೆಪಟ್ಟಿ ನೋಡುವುದು ಆಮೇಲೆ. 4ಕೆ ಕೆಲಸಕ್ಕೆ 32 ಗಿಗಾಬೈಟ್ ಸ್ಮೃತಿ ನೆಮ್ಮದಿ ಕೊಡುತ್ತದೆ. ನಡೆಯುತ್ತಿರುವ ಕೆಲಸಕ್ಕೆ ಎಸ್‌ಎಸ್‌ಡಿ, ಮುಗಿದದ್ದನ್ನು ಕಾಪಿಡಲು ಹಳೆಯ ಮಾದರಿಯ ಹಾರ್ಡ್ ಡಿಸ್ಕು ಸಾಕು. ಇದಾವುದೂ ಕೈಗೆಟುಕದವರಿಗೆ ಒಂದು ಉಪಾಯವಿದೆ: ಕಡಿಮೆ ಗುಣಮಟ್ಟದ 'ಪ್ರಾಕ್ಸಿ' ಪ್ರತಿ ತಯಾರಿಸಿ, ಅದರಲ್ಲಿ ಸಂಕಲನ ಮುಗಿಸಿ, ಕೊನೆಗೆ ಮೂಲ ಕಡತಗಳಿಂದ ಅಂತಿಮ ಪ್ರತಿ ತೆಗೆಯುವುದು. 1971ರ ಸಿಎಂಎಕ್ಸ್ ಮಾಡುತ್ತಿದ್ದದ್ದೂ ಇದನ್ನೇ.

ಈ ನಡುವೆ ಒಂದು ಬಿಡಿಭಾಗ ಸದ್ದಿಲ್ಲದೆ ಮರೆಯಾಯಿತು. 1990ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ಮನೆಮನೆಯ ಮದುವೆ, ನಾಮಕರಣ, ತೀರಿಹೋದ ಹಿರಿಯರ ಮಾತು ದಾಖಲಾದ ಮಿನಿ ಡಿವಿ ಟೇಪುಗಳು ಬೀರುಗಳಲ್ಲಿವೆ. ಅವುಗಳಲ್ಲಿರುವ ಡಿಜಿಟಲ್ ಚಿತ್ರವನ್ನು ಇದ್ದಂತೆಯೇ ಹೊರತೆಗೆಯುವ ದಾರಿ ಆ ಫೈರ್‌ವೈರ್ ತಂತಿ. ಹೊಸ ಗಣಕಗಳಲ್ಲಿ ಅದರ ಕಿಂಡಿಯಿಲ್ಲ. 2025ರಲ್ಲಿ ಬಂದ ಆಪಲ್‌ನ ಮ್ಯಾಕ್‌ಓಎಸ್ ಟಾಹೋ ಆವೃತ್ತಿ ಬೆಂಬಲವನ್ನೂ ಕೈಬಿಟ್ಟಿತು. ಮೇಜಿನ ಗಣಕಕ್ಕಾದರೆ ಇಂದಿಗೂ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಗೆ ಕೂರುವ ಫೈರ್‌ವೈರ್ ಕಾರ್ಡನ್ನು ಹುಡುಕಿ ಹಾಕಬಹುದು, ಟೇಪು ಓಡಿಸುವ ಕ್ಯಾಮೆರಾ ಒಂದು ಸುಸ್ಥಿತಿಯಲ್ಲಿದ್ದರೆ. ಪ್ರೊಸೆಸರ್ ಎಷ್ಟೇ ವೇಗದ್ದಾಗಿರಲಿ, ಒಂದು ಗಂಟೆಯ ಟೇಪು ಗಣಕಕ್ಕೆ ಇಳಿಯಲು ಒಂದು ಗಂಟೆಯೇ ಹಿಡಿಯುತ್ತದೆ.