ಘನಹಸ್ತ, ಪಟ್ಟಿಕೆ, ಖಾರಿ: ಮರದ ಮತ್ತು ಧಾನ್ಯದ ಮಾನಗಳ ಪರಸ್ಪರ ಪರಿವರ್ತನೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ವ್ಯಾಸಂಗ ಮಾಡುವವರಿಗೆ ಖಂಡುಗ, ಕೊಳಗ ಎಂಬ ಮಾನಗಳು ಚಿರಪರಿಚಿತವಾದವು. ಬಿ. ಎಲ್. ರೈಸ್ ಅವರು 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಪ್ರಕಟಿಸಿದಂದಿನಿಂದ, ದಾನದ ಪ್ರಮಾಣವನ್ನು ತಮ್ಮ ಕಾಲದ ಅಳತೆಗೆ ತಿರುಗಿಸಿ ಹೇಳುವ ಪ್ರಯತ್ನ ನಡೆದೇ ಇದೆ. ಗಣಿತಗ್ರಂಥಗಳ ಓಲೆಗಳನ್ನು ಸಂಪಾದಿಸುವವರಿಗೂ ಇದೇ ಅಗತ್ಯ ಒದಗುತ್ತದೆ. ಖಾರಿ ಎಂದರೆ ಎಷ್ಟು ಲೀಟರು? ಮರದ ದಿಮ್ಮಿಯ ಘನಮಾನಕ್ಕೂ ಧಾನ್ಯದ ಕೊಳಗಕ್ಕೂ ಸಂಬಂಧವುಂಟೇ? ಒಂದು ಅಂಕಿಯಿಂದ ಗುಣಿಸಿದರೆ ಒಂದು ಮತ್ತೊಂದಾಗುವುದೇ? ಈ ಪ್ರಶ್ನೆಗಳಿಗೆ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಯಾವ ಉತ್ತರ ದೊರೆಯುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಂಥಕ್ಕೂ ಈ ಪ್ರದೇಶಕ್ಕೂ ಇರುವ ನಂಟು ದೂರದ್ದಲ್ಲ. ಮಹಾವೀರಾಚಾರ್ಯನು ತನ್ನ ಗ್ರಂಥದ ಆರಂಭದಲ್ಲಿ ಸ್ತುತಿಸಿರುವ ಅಮೋಘವರ್ಷ ನೃಪತುಂಗನ ಮಗಳು ಗಂಗ ರಾಜಕುಮಾರ ಬೂತುಗನನ್ನು ವಿವಾಹವಾದಳು. ಗಂಗರ ರಾಜಧಾನಿ ತಲಕಾಡು ಇಂದಿನ ತಿ. ನರಸೀಪುರ ತಾಲ್ಲೂಕಿನಲ್ಲಿದೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಹೊರತಂದಾಗ ಅವರಿಗೆ ಕನ್ನಡ ಲಿಪಿಯ ತಾಳೆಯೋಲೆಗಳೂ ಕನ್ನಡ ಟೀಕೆಯೂ ನೆರವಾದವು. 2000ರಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಪ್ರಕಟವಾಯಿತು.

1. ಧಾನ್ಯದ ಮಾನ

ಸಂಜ್ಞಾಧಿಕಾರದಲ್ಲಿ ಹೇಳಿರುವ ಧಾನ್ಯಪರಿಭಾಷೆಯಂತೆ ಷೋಡಶಿಕೆ, ಕುಡಬ, ಪ್ರಸ್ಥ, ಆಢಕ, ದ್ರೋಣ, ಮಾನಿ, ಖಾರಿ ಇವು ಒಂದಕ್ಕಿಂತ ಒಂದು ನಾಲ್ಕರಷ್ಟು ದೊಡ್ಡವು. 5 ಖಾರಿಗೆ 1 ಪ್ರವರ್ತಿಕೆ, 4 ಪ್ರವರ್ತಿಕೆಗೆ 1 ವಾಹ. ಈ ಸರಣಿಗೆಲ್ಲ ಆಧಾರವಾದುದು ಕುಡಬ. 3,600 ವ್ರೀಹಿಗಳಿಂದ ತುಂಬುವ ಪಾತ್ರೆಯೇ ಕುಡಬವೆಂದು ಆಚಾರ್ಯನು ನಿರೂಪಿಸುತ್ತಾನೆ. ಇಲ್ಲಿ ಅಂಗುಲದ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಪಾತ್ರೆಯ ಉದ್ದ ಅಗಲಗಳಿಂದಲ್ಲ, ಕಾಳುಗಳ ಎಣಿಕೆಯಿಂದ ಮಾನವು ಸಿದ್ಧವಾಗುತ್ತದೆ.

ಭಾಸ್ಕರಾಚಾರ್ಯನ ಲೀಲಾವತಿಯ (1150) ಮಾರ್ಗ ಬೇರೆಯದು. ಉದ್ದ, ಅಗಲ, ದಪ್ಪಗಳು ಒಂದೊಂದು ಹಸ್ತವಿರುವ ಪ್ರಮಾಣವೇ ಘನಹಸ್ತ. ಧಾನ್ಯದ ವಿಷಯದಲ್ಲಿ ಅದೇ ಮಾಗಧ ಖಾರಿ. ಖಾರಿಗೆ 16 ದ್ರೋಣ, ಅಲ್ಲಿಂದ ಕೆಳಗೆ ನಾಲ್ಕರ ಭಾಗಗಳು. ಮಹಾವೀರನಲ್ಲಿಯೂ 4 ದ್ರೋಣಕ್ಕೆ 1 ಮಾನಿ, 4 ಮಾನಿಗೆ 1 ಖಾರಿ. ಆದುದರಿಂದ ಖಾರಿಗೆ 16 ದ್ರೋಣವೇ. ಇಬ್ಬರ ಖಾರಿಯಲ್ಲಿಯೂ 1,024 ಕುಡಬಗಳಿವೆ. ಹೆಸರು ಒಂದೇ, ಭಾಗಕ್ರಮವೂ ಒಂದೇ. ಹಾಗಾದರೆ ಎರಡೂ ಖಾರಿಗಳು ಸಮವೇ?

ಲೆಕ್ಕ ಹಾಕಿ ನೋಡಬಹುದು. ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ ಘನಹಸ್ತವು 3.375 ಘನ ಅಡಿ, ಎಂದರೆ ಸುಮಾರು 95.5 ಲೀಟರು. ಮಹಾವೀರನ ಖಾರಿಯಲ್ಲಿ 36,86,400 ಕಾಳುಗಳಿರುತ್ತವೆ. ಒಂದು ಲೀಟರು ಭತ್ತವು 580 ಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳೋಣ. ಸಾವಿರ ಕಾಳಿಗೆ 15 ಗ್ರಾಂ ತೂಗುವ ಸಣ್ಣ ಭತ್ತವಾದರೆ ಖಾರಿಯು 55.3 ಕಿಲೋಗ್ರಾಂ, ಸುಮಾರು 95 ಲೀಟರು. ಘನಹಸ್ತಕ್ಕೆ ಇದು ಸರಿಹೊಂದುತ್ತದೆ. ಸಾವಿರಕ್ಕೆ 22 ಗ್ರಾಂ ತೂಗುವ ದಪ್ಪ ಭತ್ತವಾದರೆ ಅದೇ ಖಾರಿ 81 ಕಿಲೋಗ್ರಾಂ, ಸುಮಾರು 140 ಲೀಟರು. ಸಣ್ಣ ಭತ್ತದ ಹೊಂದಾಣಿಕೆಯನ್ನೇ ಕಂಡು ಎರಡು ಖಾರಿಗಳೂ ಒಂದೇ ಎಂದು ತೀರ್ಮಾನಿಸುವುದು ದುಡುಕಾದೀತು. ತಳಿ ಬದಲಾದರೆ ಸುಮಾರು ಅರ್ಧದಷ್ಟು ಹೆಚ್ಚಳ ಬರುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ.

2. ಮಣ್ಣು ಮತ್ತು ಮರ

ಒಂದೇ ಘನಮಾನವು ವಸ್ತುವಿನ ಸ್ಥಿತಿಗನುಸಾರವಾಗಿ ಬೇರೆ ಬೇರೆ ಫಲವನ್ನು ಕೊಡುತ್ತದೆಂಬ ಅರಿವು ಮಹಾವೀರನಿಗೆ ಸ್ಪಷ್ಟವಾಗಿತ್ತು. ಖಾತವ್ಯವಹಾರದ ಆದಿಯಲ್ಲಿ ಆತನು ಹೇಳುವಂತೆ, ಒಂದು ಘನಹಸ್ತದ ಗುಂಡಿಯನ್ನು ತುಂಬಲು 3,200 ಪಲ ಮಣ್ಣು ಸಾಕು; ಅಷ್ಟೇ ಗುಂಡಿಯನ್ನು ತೋಡಿದರೆ ಹೊರಬರುವುದು 3,600 ಪಲ. ನೆಲದಲ್ಲಿ ಗಟ್ಟಿಯಾಗಿದ್ದ ಮಣ್ಣು ಹೊರಬಂದು ಸಡಿಲಗೊಳ್ಳುತ್ತದೆ. ಆದ್ದರಿಂದ ಅದೇ ಜಾಗವನ್ನು ತುಂಬಲು ಕಡಿಮೆ ತೂಕ ಸಾಲುತ್ತದೆ. ಈ ಎರಡು ಅಂಕಿಗಳಲ್ಲಿ ಒಂದನ್ನು ಲಿಪಿಕಾರನ ಪ್ರಮಾದವೆಂದು ಭಾವಿಸಿ ತಿದ್ದುವುದು ಸಲ್ಲದು.

ಮರದ ವಿಷಯವನ್ನು ಆಚಾರ್ಯನು ಕ್ರಕಚಿಕಾ ವ್ಯವಹಾರದಲ್ಲಿ, ಎಂದರೆ ಗರಗಸದ ಕೆಲಸದ ಗಣಿತದಲ್ಲಿ, ನಿರೂಪಿಸಿದ್ದಾನೆ. ಇಲ್ಲಿ ಅಳೆಯುವುದು ಮರದ ಘನವನ್ನಲ್ಲ, ಕೊಯ್ದ ಮೈಯನ್ನು. ಗರಗಸವು ಹಾಯ್ದ ಒಂದೊಂದು ಸೀಳಿಗೆ ಮಾರ್ಗವೆಂದು ಹೆಸರು. ಎರಡು ಹಸ್ತದಲ್ಲಿ ಆರು ಅಂಗುಲ ಕಳೆದರೆ ಕಿಷ್ಕು. ಹಸ್ತಕ್ಕೆ 24 ಅಂಗುಲವಾದ್ದರಿಂದ ಕಿಷ್ಕುವಿಗೆ 42 ಅಂಗುಲ. ಶಾಕ, ಅರ್ಜುನ, ಅಮ್ಲವೇತಸ, ಸರಲ, ಸರ್ಜ ಮೊದಲಾದ ಮರಗಳಲ್ಲಿ 96 ಅಂಗುಲ ಉದ್ದ, ಒಂದು ಕಿಷ್ಕು ಅಗಲದ ಒಂದು ಮಾರ್ಗವೇ ಪಟ್ಟಿಕೆ. ಅದು ಕೂಲಿಯನ್ನು ನಿರ್ಣಯಿಸುವ ಘಟಕ. ಪಟ್ಟಿಯ ಮೊದಲಲ್ಲಿರುವ ಶಾಕವು ತೇಗ. ನಂಜನಗೂಡು, ನರಸೀಪುರಗಳ ಮುಂದೆ ಹರಿಯುವ ಕಪಿಲೆಯ ಮೇಲ್ದಂಡೆಯ ಹೆಗ್ಗಡದೇವನಕೋಟೆ ಕಾಡುಗಳಲ್ಲಿ ಬೆಳೆಯುವ ಮರವೂ ಇದೇ.

ಆಚಾರ್ಯನು ಕೊಟ್ಟಿರುವ ಉದಾಹರಣೆ ಹೀಗಿದೆ: ಶಾಕದ ಮರ, ಉದ್ದ 16 ಹಸ್ತ, ಅಗಲ ಮೂರೂವರೆ ಹಸ್ತ, ಮಾರ್ಗಗಳು 8, ಕೆಲಸವೆಷ್ಟು? ಮೂರನ್ನೂ ಗುಣಿಸಿದರೆ 448. ಪಟ್ಟಿಕೆಯು 4 ಹಸ್ತಕ್ಕೆ ಒಂದೂಮುಕ್ಕಾಲು ಹಸ್ತ, ಎಂದರೆ 7 ವರ್ಗಹಸ್ತ. ಭಾಗಿಸಿದರೆ ಶೇಷವಿಲ್ಲದೆ 64 ಬರುತ್ತದೆ.

ಪಾಠಪರಿಷ್ಕರಣೆಯ ದೃಷ್ಟಿಯಿಂದ ಈ ಉದಾಹರಣೆ ಬಹಳ ಬೆಲೆಯುಳ್ಳದ್ದು. ಓಲೆಯೊಂದರಲ್ಲಿ ‘ಆರು ಅಂಗುಲ ಕಡಿಮೆ’ ಎಂಬ ಭಾಗ ಲುಪ್ತವಾಗಿ, ಕಿಷ್ಕುವು ಪೂರ್ಣ ಎರಡು ಹಸ್ತವೆಂದು ಉಳಿದಿದೆಯೆಂದು ಭಾವಿಸೋಣ. ಆಗ ಪಟ್ಟಿಕೆ 8 ವರ್ಗಹಸ್ತ, ಉತ್ತರ 56. ಇದೂ ಶೇಷವಿಲ್ಲದ ಪೂರ್ಣಾಂಕವೇ! ಲೆಕ್ಕವು ಸರಿಯಾಗಿ ತೀರಿತೆಂಬ ಒಂದೇ ಕಾರಣದಿಂದ ಪಾಠ ಶುದ್ಧವಾಗಿದೆಯೆಂದು ನಂಬುವಂತಿಲ್ಲ. ಪರಿಭಾಷಾಶ್ಲೋಕದ ಪಾಠಾಂತರಗಳನ್ನು ಮೊದಲು ನಿರ್ಣಯಿಸಿ, ಆಮೇಲೆ ಉದಾಹರಣೆಗೆ ಕೈಹಾಕುವುದು ಯುಕ್ತ.

3. ಎರಡು ಮಾನಗಳು ಕೂಡುವ ಸ್ಥಳ

ಪಟ್ಟಿಕೆಯನ್ನು ಖಾರಿಗೆ ಪರಿವರ್ತಿಸಲಾಗದು. ಒಂದು ಕ್ಷೇತ್ರ, ಇನ್ನೊಂದು ಘನ. ಆದರೆ ಮರವನ್ನು ಘನಹಸ್ತದಲ್ಲಿ ಅಳೆದಿದ್ದರೆ, ಲೀಲಾವತಿಯ ಮಾರ್ಗದಿಂದ ಅದು ಖಾರಿಯೊಡನೆ ಕೂಡುತ್ತದೆ. ಇಂತಹ ಕೂಡುವಿಕೆ ಶಾಸ್ತ್ರಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಕಪಿಲೆಯು ಹುಟ್ಟುವ ವಯನಾಡಿನಾಚೆ, ಮಲಬಾರಿನ ಮರದ ವ್ಯಾಪಾರದಲ್ಲಿ ಬಡಗಿಯ ಕೋಲಿನ ಘನಕ್ಕೆ ‘ಕಂಡಿ’ ಎಂದು ಹೆಸರಿತ್ತು. ಪಶ್ಚಿಮ ಕರಾವಳಿಯಲ್ಲಿ ಸರಕುಗಳ ದೊಡ್ಡ ಮಾನಕ್ಕೂ ಅದೇ ಹೆಸರು. ನಮ್ಮ ಖಂಡುಗವನ್ನೂ ಆಂಗ್ಲ ಅಧಿಕಾರಿಗಳು ಅದೇ ಬಗೆಯ ಹೆಸರಿನಿಂದ ದಾಖಲಿಸಿದರು. ಹೆಸರಿನ ಸಾಮ್ಯದಿಂದ ಪ್ರಮಾಣದ ಸಾಮ್ಯವನ್ನು ಊಹಿಸಬಾರದೆಂಬುದಕ್ಕೆ ಇದೂ ಒಂದು ನಿದರ್ಶನ.

ದುಂಡು ದಿಮ್ಮಿಗಳಲ್ಲಿ ಮತ್ತೊಂದು ತೊಡಕಿದೆ. ಬ್ರಿಟಿಷರ ಕಾಲದ ಅರಣ್ಯ ಇಲಾಖೆಗಳಲ್ಲಿ ರೂಢವಾಗಿದ್ದ ಕ್ರಮದಲ್ಲಿ ಸುತ್ತಳತೆಯ ಕಾಲುಭಾಗವನ್ನು ವರ್ಗಿಸಿ ಉದ್ದದಿಂದ ಗುಣಿಸುತ್ತಿದ್ದರು. ಹೀಗೆ ಬರುವ ಫಲವು ನಿಜವಾದ ಘನದ ನೂರಕ್ಕೆ 78.5 ಭಾಗ ಮಾತ್ರ. ಆ ಲೆಕ್ಕದ 100 ಘನ ಅಡಿಯು ವಾಸ್ತವದಲ್ಲಿ ಸುಮಾರು 127 ಘನ ಅಡಿ. ಧಾನ್ಯದ ರಾಶಿಗೂ ಇಂತಹ ಸ್ಥೂಲಸೂತ್ರವಿದೆ. ಲೀಲಾವತಿಯಂತೆ ಪರಿಧಿಯ ಆರನೆಯ ಭಾಗವನ್ನು ವರ್ಗಿಸಿ ಎತ್ತರದಿಂದ ಗುಣಿಸಬೇಕು. ಎತ್ತರವು ದಪ್ಪ ಧಾನ್ಯಕ್ಕೆ ಪರಿಧಿಯ 10ನೆಯ ಭಾಗ, ಸಣ್ಣ ಧಾನ್ಯಕ್ಕೆ 11ನೆಯ ಭಾಗ, ಮುಳ್ಳುಳ್ಳ ಶೂಕಧಾನ್ಯಕ್ಕೆ 9ನೆಯ ಭಾಗ. 60 ಹಸ್ತ ಪರಿಧಿಯ ರಾಶಿಯು ಕ್ರಮವಾಗಿ 600, ಸುಮಾರು 545, ಸುಮಾರು 667 ಖಾರಿಗಳಾಗುತ್ತದೆ. ಸುತ್ತಳತೆ ಒಂದೇ ಆಗಿದ್ದರೂ ಧಾನ್ಯದ ಜಾತಿಯಿಂದ ಫಲ ಭಿನ್ನವಾಗುತ್ತದೆ.

4. ಶಾಸನಗಳ ಖಂಡುಗ

ಇನ್ನು ಖಂಡುಗದ ವಿಚಾರ. 20 ಕೊಳಗಕ್ಕೆ 1 ಖಂಡುಗವೆಂಬುದು ಹಳೆಯ ಮೈಸೂರಿನಲ್ಲಿ ಪ್ರಸಿದ್ಧ. ಆದರೆ ಕೊಳಗಕ್ಕೆ ಎಷ್ಟು ಸೇರೆಂಬುದು ಊರಿಂದೂರಿಗೆ ಬೇರೆಯಾಗುತ್ತಿತ್ತು. 1800–01ರಲ್ಲಿ ಸಂಚರಿಸಿದ ಬುಕಾನನ್ನನು ಈ ವೈವಿಧ್ಯವನ್ನು ಅಲ್ಲಲ್ಲಿ ದಾಖಲಿಸಿದ್ದಾನೆ. ಬಾಯಿಮಟ್ಟಕ್ಕೆ ಸವರಿದ ಕೊಳಗಕ್ಕೂ ಶಿಖರವೇಳುವಂತೆ ತುಂಬಿದ ಕೊಳಗಕ್ಕೂ ಅಂತರವುಂಟು. ಸಾಲದೆಂಬಂತೆ, ಬಿತ್ತನೆಯ ಬೀಜದ ಪ್ರಮಾಣದಿಂದ ಭೂಮಿಯನ್ನು ಹೇಳುವ ಪದ್ಧತಿಯಲ್ಲಿ ಖಂಡುಗವು ನೆಲದ ವಿಸ್ತಾರವೂ ಆಗುತ್ತದೆ. ಅಲ್ಲಿ ಗದ್ದೆಯ ಖಂಡುಗವೇ ಬೇರೆ, ಹೊಲದ ಖಂಡುಗವೇ ಬೇರೆ. 11ನೆಯ ಶತಮಾನದ ಮೊದಲಿನಿಂದ ವಿಷ್ಣುವರ್ಧನನು ಗೆಲ್ಲುವವರೆಗೆ ತಲಕಾಡು ಚೋಳರ ವಶದಲ್ಲಿತ್ತು. ಚೋಳರ ತಂಜಾವೂರಿನ ಶಾಸನಗಳು ‘ಆಡವಲ್ಲಾನ್’ ಎಂಬ ಮರಕ್ಕಾಲು ‘ರಾಜಕೇಸರಿ’ಗೆ ಸಮವೆಂದು ಬಿಡಿಸಿ ಹೇಳುತ್ತವೆ. ಮಾನಪಾತ್ರೆಯ ಹೆಸರನ್ನೂ ಅದರ ಸಾಮ್ಯವನ್ನೂ ಶಾಸನದಲ್ಲಿಯೇ ಕೊರೆಸಬೇಕಾಗಿತ್ತೆಂದರೆ, ಹೆಸರಿಲ್ಲದ ಮಾನವು ಆ ಕಾಲದವರಿಗೇ ಸಂದಿಗ್ಧವಾಗಿತ್ತೆಂದು ಭಾವಿಸಬೇಕಾಗುತ್ತದೆ.

ಮೇಲಿನ ಚರ್ಚೆಯಿಂದ ಸಂಪಾದಕರಿಗೆ ಮೂರು ಸೂಚನೆಗಳು ಫಲಿಸುತ್ತವೆ. ಮೊದಲನೆಯದಾಗಿ, ಮೂಲದ ಮಾನವನ್ನು ಪಾಠದಲ್ಲಿ ಇದ್ದಂತೆಯೇ ಉಳಿಸಿ, ಪರಿವರ್ತನೆಯನ್ನು ಟಿಪ್ಪಣಿಯಲ್ಲಿ ಮಾತ್ರ ಕೊಡಬೇಕು. ಎರಡನೆಯದಾಗಿ, ಆ ಪರಿವರ್ತನೆ ಕಾಳಿನ ಎಣಿಕೆಯಿಂದ ಬಂದುದೋ, ಹಸ್ತದ ಘನದಿಂದ ಬಂದುದೋ, ಊರಿನ ಕೊಳಗದಿಂದ ಬಂದುದೋ ಎಂಬುದನ್ನು ಹೇಳಬೇಕು. ಮೂರನೆಯದಾಗಿ, ಒಂದು ಶಾಸನದ ಖಂಡುಗವನ್ನು ಮತ್ತೊಂದರ ಖಂಡುಗದೊಡನೆ ಹೋಲಿಸಿ ಒಂದು ಬಸದಿಗೋ ದೇಗುಲಕ್ಕೋ ಹೆಚ್ಚು ದತ್ತಿ ದೊರೆಯಿತೆಂದು ನಿರ್ಣಯಿಸುವ ಮುನ್ನ, ಎರಡರಲ್ಲಿಯೂ ಒಂದೇ ಕೊಳಗ ಬಳಕೆಯಾಗಿತ್ತೆಂಬುದನ್ನು ಸಾಧಿಸಬೇಕು. ಹಾಗೆ ಸಾಧಿಸದ ಹೋಲಿಕೆಯು ಎಷ್ಟೇ ನಿಖರವಾದ ಅಂಕಿಗಳಿಂದ ಕೂಡಿದ್ದರೂ ಇತಿಹಾಸಕ್ಕೆ ಆಧಾರವಾಗಲಾರದು. ಧಾನ್ಯಕ್ಕೆ ಕಾಳನ್ನೂ, ಮಣ್ಣಿಗೆ ಎರಡು ತೂಕಗಳನ್ನೂ, ಮರಕ್ಕೆ ಕೊಯ್ದ ಮೈಯನ್ನೂ ಪ್ರಮಾಣವಾಗಿಟ್ಟ ಮಹಾವೀರಾಚಾರ್ಯನು, ಅಳೆಯುವ ವಸ್ತುವನ್ನು ಬಿಟ್ಟು ಮಾನಕ್ಕೆ ಅರ್ಥವಿಲ್ಲವೆಂಬುದನ್ನು ಸಾವಿರದ ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾನೆ.