ಮೆಹರ್ ಸಿಂಗ್

ಮೆಹರ್ ಸಿಂಗ್ (1915–1952): ಭಾರತೀಯ ವಾಯುಪಡೆಯ ಅಪ್ರತಿಮ ವೈಮಾನಿಕ, ಏರ್ ಕಮೊಡೋರ್. ಸಹಚರರ ಬಾಯಲ್ಲಿ 'ಬಾಬಾ'. ಹುಟ್ಟಿದ್ದು ಈಗಿನ ಪಾಕಿಸ್ತಾನದಲ್ಲಿರುವ ಲಯಾಲ್‌ಪುರದಲ್ಲಿ.

ಇಂಗ್ಲೆಂಡಿನ ಕ್ರಾನ್ವೆಲ್‌ನಲ್ಲಿ ತರಬೇತಿ ಪಡೆದು 1936ರಲ್ಲಿ ವಾಯುಪಡೆ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ 6ನೇ ಸ್ಕ್ವಾಡ್ರನ್ನಿನ ನಾಯಕರಾಗಿದ್ದರು. ಅಲ್ಲಿನ ಸಾಹಸಕ್ಕೆ 1944ರಲ್ಲಿ ದೊರೆತ ಡಿ.ಎಸ್.ಓ. (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಪದಕ ಭಾರತೀಯ ವಾಯುಪಡೆಯ ಬೇರಾರಿಗೂ ಸಂದಿಲ್ಲ.

ಅವರ ಹೆಸರು ಮನೆಮಾತಾದದ್ದು ಮಾತ್ರ ಸಾಗಣೆ ವಿಮಾನಗಳಿಂದ. 1947–48ರ ಕಾಶ್ಮೀರ ಯುದ್ಧದಲ್ಲಿ ಶತ್ರುಗಳು ಸುತ್ತುವರಿದಿದ್ದ ಪೂಂಛ್‌ನಲ್ಲಿ ಸೈನಿಕರೂ ನಿರಾಶ್ರಿತರೂ ಸೇರಿ ಇಳಿದಾಣ ಕಟ್ಟಿದರು; ಗುಡ್ಡಗಳ ನಡುವಿನ ಆ ಕಿರುಪಟ್ಟಿಯಲ್ಲಿ ಮೊದಲ ಡಕೋಟಾ ಇಳಿಸಿದವರು ಇವರೇ. ಮದ್ದುಗುಂಡು, ಧಾನ್ಯ ಹೊತ್ತು ಬಂದ ವಿಮಾನಗಳು ಗಾಯಾಳುಗಳನ್ನೂ ನಿರಾಶ್ರಿತರನ್ನೂ ಹೊತ್ತು ಮರಳುತ್ತಿದ್ದವು.

1948ರ ಮೇ 24ರಂದು ಕೊಡಗಿನ ವೀರ, ಜನರಲ್ ಕೆ.ಎಸ್. ತಿಮ್ಮಯ್ಯನವರನ್ನು ಕೂರಿಸಿಕೊಂಡು ಹಿಮಾಲಯ ದಾಟಿದರು. ನಂಬಬಹುದಾದ ನಕ್ಷೆಯಿಲ್ಲ, ಡಕೋಟಾದೊಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯೂ ಇಲ್ಲ. ಆದರೂ 11,000 ಅಡಿಗೂ ಎತ್ತರದ ಲೇಹ್‌ನ ಮರಳುಪಟ್ಟಿಯಲ್ಲಿ ವಿಮಾನ ಇಳಿಯಿತು. ಲಡಾಖ್ ಉಳಿಯಲು ಈ ವಾಯುಮಾರ್ಗವೇ ಆಸರೆಯಾಯಿತು.

ಅದೇ ವರ್ಷ ಸೇವೆಗೆ ರಾಜೀನಾಮೆಯಿತ್ತರು. ಮುಂದೆ ಮಹಾವೀರ ಚಕ್ರ ಲಭಿಸಿತು. 1952ರ ಮಾರ್ಚಿನಲ್ಲಿ ಜಮ್ಮುವಿನಿಂದ ದೆಹಲಿಗೆ ಹಾರುತ್ತಿದ್ದಾಗ ಬಿರುಗಾಳಿಗೆ ಸಿಲುಕಿ ವಿಮಾನ ಅಪಘಾತದಲ್ಲಿ ನಿಧನರಾದರು.