ಒಲೆಯಿಂದ ಬಂದ ಫೋಕಸ್

ನಮ್ಮ ಐಟಿ ಮಂದಿಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರೋ ಪದ 'ಫೋಕಸ್'. ಕ್ಯಾಲೆಂಡರಿನಲ್ಲಿ ಫೋಕಸ್ ಟೈಮ್, ಫೋನಿನಲ್ಲಿ ಫೋಕಸ್ ಮೋಡ್. ಈ ಪದದ ಹುಟ್ಟೂರು ಯಾವುದು ಗೊತ್ತಾ? ಅಡುಗೆಮನೆ! ಲ್ಯಾಟಿನ್ ಭಾಷೆಯಲ್ಲಿ ಫೋಕಸ್ ಅಂದ್ರೆ ಮನೆಯ ಒಲೆ.

1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಬೆಳಕಿನ ಬಗ್ಗೆ ಬರೆದ ಪುಸ್ತಕದಲ್ಲಿ ಈ ಪದವನ್ನು ಗಣಿತಕ್ಕೆ ತಂದ. ಭೂತಗನ್ನಡಿ ಹಿಡಿದರೆ ಬಿಸಿಲು ಒಂದೇ ಕಡೆ ಸೇರಿ ಕಾಗದ ಸುಡುತ್ತಲ್ಲ, ಆ ಜಾಗಕ್ಕೆ 'ಒಲೆ' ಅನ್ನೋ ಹೆಸರು ಸರಿಯಾಗೇ ಹೊಂದುತ್ತೆ. ಜರ್ಮನ್ನರು ಅದನ್ನು 'ಸುಡುವ ಬಿಂದು' ಅಂತಲೇ ಕರೀತಾರೆ. ನಮ್ಮ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಅದು 'ಸಂಗಮ'. ಅವರಿಗೆ ಬೆಂಕಿ ಕಂಡ ಕಡೆ ನಮಗೆ ಹೊಳೆ ಕಂಡಿದೆ. ಮನಸ್ಸಿಗೆ ಈ ಪದ ಅಂಟಿಕೊಂಡಿದ್ದು ಎಷ್ಟೋ ಕಾಲದ ನಂತರ.

ಗಮನವನ್ನು ಏನು ಮಾಡ್ತೀವಿ ಅನ್ನೋದರಲ್ಲೂ ಒಂದೊಂದು ಭಾಷೆಗೆ ಒಂದೊಂದು ಲೆಕ್ಕ. ಇಂಗ್ಲಿಷಿನವರು ಅದನ್ನು ಪಾವತಿಸ್ತಾರೆ. ಸ್ಪ್ಯಾನಿಷ್‌ನವರು ಸಾಲ ಕೊಡ್ತಾರೆ. ಜರ್ಮನ್ನರು ಉಡುಗೊರೆ ಕೊಡ್ತಾರೆ. ಚೀನಿ ಪದ 'ಝು-ಯಿ'ಯಲ್ಲಿ ಮನಸ್ಸನ್ನು ಸುರಿಯೋ ಅರ್ಥ ಇದೆ. ನಾವು ಗಮನ 'ಹರಿಸ್ತೀವಿ'. ಸಂಸ್ಕೃತದಲ್ಲಿ ಗಮನ ಅಂದ್ರೆ ಹೋಗೋದು. ಬಸ್ ಸ್ಟ್ಯಾಂಡಿನ ಆಗಮನ, ನಿರ್ಗಮನ ಬೋರ್ಡಿನಲ್ಲಿ ಇರೋದೂ ಅದೇ. ಹಿಂದಿಯವರು ಮಾತುಮಾತಿಗೆ 'ಧ್ಯಾನ್ ದೋ' ಅಂತಾರೆ. ಅದೇ ಧ್ಯಾನ ಬೌದ್ಧರ ಜೊತೆ ಚೀನಾಕ್ಕೆ ಹೋಗಿ 'ಚಾನ್' ಆಯ್ತು, ಜಪಾನಿನಲ್ಲಿ 'ಝೆನ್' ಆಯ್ತು.

ಇದೆಲ್ಲ ಬರೀ ಪದಗಳ ಆಟ ಅಂತ ನನಗನಿಸೋದಿಲ್ಲ. ಮಾಹಿತಿ ಹೆಚ್ಚಾದ ಕಡೆ ಗಮನಕ್ಕೆ ಬರಗಾಲ ಬರುತ್ತೆ ಅಂತ ಹರ್ಬರ್ಟ್ ಸೈಮನ್ 1971ರಲ್ಲೇ ಎಚ್ಚರಿಸಿದ್ದರು. ಗಮನವನ್ನು ಪಾವತಿ ಅಂತ ಕರೆದ ಮೇಲೆ ಅದನ್ನು ವಸೂಲಿ ಮಾಡೋರೂ ಬರಬೇಕಲ್ಲ? ನಾನು ದುಡಿಯೋ ಉದ್ಯಮದಲ್ಲಿ ನೀವು ಒಂದು ಸ್ಕ್ರೀನ್ ಮೇಲೆ ಎಷ್ಟು ಸೆಕೆಂಡ್ ನಿಂತಿರಿ ಅನ್ನೋದಕ್ಕೂ ಲೆಕ್ಕ ಇದೆ. ಕೆಂಪು ಚುಕ್ಕಿ ಮಿನುಗೋದು ಸುಮ್ಮನೆ ಅಲ್ಲ.

ನಮ್ಮೂರ ಕಡೆ ಇದಕ್ಕೆ ಇನ್ನೊಂದು ಮಾತಿದೆ: ಗ್ಯಾನ. ಶಾಸ್ತ್ರದ 'ಜ್ಞಾನ'ವೇ ಹೊಲ, ಹಟ್ಟಿ ತಿರುಗಿ ಹೀಗಾಗಿದೆ. ಹಾಲು ಕಾಯೋಕೆ ಇಟ್ಟು ಹೋಗೋವಾಗ ಅವ್ವ "ಒಲೆ ಕಡೆ ಗ್ಯಾನ ಇರ್ಲಿ" ಅಂತಿದ್ದಳು. ಗ್ಯಾನ ಯಾರಿಗೂ ಕೊಡೋ ವಸ್ತುವಲ್ಲ, ನಮ್ಮ ಹತ್ತಿರ ಇರಬೇಕಾದದ್ದು. ತಪ್ಪಿದರೆ ಹಾಲು ಉಕ್ಕುತ್ತೆ, ಅಷ್ಟೇ.

ಈಗ ಕೆಲಸದ ನಡುವೆ ಕೈ ತಾನಾಗೇ ಫೋನಿನ ಕಡೆ ಹೋದಾಗ 'ಫೋಕಸ್' ಅಂತ ಹೇಳ್ಕೊಳ್ಳೋದು ಬಿಟ್ಟಿದ್ದೀನಿ. "ಗ್ಯಾನ ಎಲ್ಲೈತೆ?" ಅಂತ ಕೇಳ್ಕೋತೀನಿ. ನೀವೂ ಒಮ್ಮೆ ನಿಮ್ಮೂರ ಮಾತಲ್ಲಿ ಕೇಳಿ ನೋಡಿ.